ಗೋರಿ, ಚಿಮಣಿ, ನಡುವೆ ಒಂದಷ್ಟು ಮನೆ

ಹೋದ ತಿಂಗಳು ನಮ್ಮ ಆಫೀಸಿನಲ್ಲಿ ಒಂದು ವರ್ಕ್‌ಶಾಪ್ ಇತ್ತು. ವಿಷಯ 'ಚಿತ್ರ ನೋಡುವುದು ಹೇಗೆ'. ಕಲೆಯ ಮೇಲಿನ ಪ್ರೀತಿಯಿಂದ ಹೋದೆ ಅಂತ ಹೇಳಿದರೆ ಸುಳ್ಳಾಗುತ್ತೆ. ಶುಕ್ರವಾರ ಮಧ್ಯಾಹ್ನ, ಸ್ಪ್ರಿಂಟ್ ಮುಗಿದಿತ್ತು, ಸಮೋಸ ಇರುತ್ತೆ ಅಂತ ಮೇಲ್‌ನಲ್ಲೇ ಬರೆದಿದ್ದರು.

ಪ್ರೊಜೆಕ್ಟರ್‌ನಲ್ಲಿ ಒಂದು ಕಪ್ಪು-ಬಿಳುಪು ಚಿತ್ರ ಹಾಕಿದರು. ಮುಂದೆ ದೊಡ್ಡದೊಂದು ಕಲ್ಲಿನ ಶಿಲುಬೆ, ಅದರ ಸುತ್ತ ಗೋರಿಗಳು. ಅದರ ಹಿಂದೆ ಒತ್ತೊತ್ತಾಗಿ ಮನೆಗಳು. ಮನೆಗಳ ಹಿಂದೆ ಆಕಾಶಕ್ಕೆ ಚುಚ್ಚಿದ ಹಾಗೆ ಉಕ್ಕಿನ ಕಾರ್ಖಾನೆಯ ಚಿಮಣಿಗಳು. ನಡೆಸಿಕೊಡುತ್ತಿದ್ದವರು "ಏನನ್ನಿಸುತ್ತೆ? ಒಂದೊಂದು ಪದ ಹೇಳಿ" ಅಂದರು. ಕೈಗಳು ಎದ್ದವು. ಮಾಲಿನ್ಯ. ಸಾವು. ಬರ್ನ್‌ಔಟ್. ಬಂಡವಾಳಶಾಹಿ. ವರ್ಕ್-ಲೈಫ್ ಬ್ಯಾಲೆನ್ಸ್ (ಇದಕ್ಕೆ ಎಲ್ಲರೂ ನಕ್ಕರು). ಕೊನೆಗೆ ಒಬ್ಬ, ಒಳ್ಳೆಯ ಹುಡುಗ, ನನ್ನದೇ ಟೀಮು, "ಮನುಷ್ಯ ಹೋಗ್ತಾನೆ, ಮಷೀನು ಉಳಿಯುತ್ತೆ" ಅಂದ. ಚಪ್ಪಾಳೆ ಬಿತ್ತು. ಅದನ್ನೇ ಸಾರಾಂಶ ಮಾಡಿ ಸ್ಲೈಡು ಮುಂದೆ ಹೋಯಿತು.

ನಾನು ಸಮೋಸ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಮೂವತ್ತು ಜನ ಇದ್ದೆವು, ಒಬ್ಬರಾದರೂ 'ಮನೆ' ಅನ್ನಲಿಲ್ಲ.

ಈ ಬರಹ ಆ ಸಿಟ್ಟಿನದ್ದು. ಆ ಚಿತ್ರ ನನಗೆ ಹಳೇ ಪರಿಚಯ, ಅದರಲ್ಲಿರುವ ಜಾಗದಲ್ಲಿ ನಾನೊಂದು ಶನಿವಾರ ಕಳೆದಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲು ಚಿತ್ರದ ಜಾತಕ. ಅದು ಪೇಂಟಿಂಗ್ ಅಲ್ಲ, ಫೋಟೋ. ಆದರೆ ಎಲ್ಲರೂ ಅದನ್ನು ಪೇಂಟಿಂಗ್ ಥರವೇ ನೋಡುತ್ತಾರೆ, ಯಾರೋ ಕುಂಚ ಹಿಡಿದು ಅರ್ಥ ತುಂಬಿಸಿ ಬರೆದ ಭೂದೃಶ್ಯ ಅನ್ನುವ ಹಾಗೆ. ತೆಗೆದವರು ವಾಕರ್ ಇವಾನ್ಸ್, 1935ರ ನವೆಂಬರ್‌ನಲ್ಲಿ. ಜಾಗ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬೆಥ್ಲೆಹೆಮ್. ಸ್ಮಶಾನ ಅಲ್ಲಿನ ಸೇಂಟ್ ಮೈಕಲ್ಸ್, ಹಿಂದಿನ ಚಿಮಣಿಗಳು ಬೆಥ್ಲೆಹೆಮ್ ಸ್ಟೀಲ್ ಕಂಪನಿಯವು. ಇವಾನ್ಸ್ ಆಗ ಸರ್ಕಾರದ ಸಂಬಳದಲ್ಲಿದ್ದರು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕ ಸರ್ಕಾರ ರೀಸೆಟಲ್‌ಮೆಂಟ್ ಅಡ್ಮಿನಿಸ್ಟ್ರೇಷನ್ ಅಂತ ಒಂದು ಇಲಾಖೆ ಮಾಡಿ, ದೇಶದ ಸ್ಥಿತಿಯನ್ನು ದಾಖಲಿಸಲು ಫೋಟೋಗ್ರಾಫರ್‌ಗಳನ್ನು ಕಳಿಸಿತ್ತು. ಸರ್ಕಾರಿ ಕೆಲಸವಾದ್ದರಿಂದ ಆ ಚಿತ್ರಗಳು ಯಾರ ಆಸ್ತಿಯೂ ಅಲ್ಲ. ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನನ್ನ ಲ್ಯಾಪ್‌ಟಾಪ್‌ನ ವಾಲ್‌ಪೇಪರ್ ಎರಡು ವರ್ಷ ಅದೇ ಇತ್ತು. ಮ್ಯಾನೇಜರ್ ಒಮ್ಮೆ ನೋಡಿ "ಎಲ್ಲಾ ಸರಿ ಇದೆಯಾ?" ಅಂತ ಕೇಳಿದ್ದರು.

ಈಗ ವಿಷಯಕ್ಕೆ. 'ಗೋರಿಯ ಪಕ್ಕದಲ್ಲೇ ಕಾರ್ಖಾನೆ, ಆದ್ದರಿಂದ ಕಾರ್ಖಾನೆ ಅಂದರೆ ಸಾವು' ಅನ್ನುವ ಓದು ಇದೆಯಲ್ಲ, ಅದು ಚಿತ್ರವನ್ನು ನೋಡದೇ ಓದಿದ್ದು. ಆ 'ಪಕ್ಕದಲ್ಲೇ' ಅನ್ನೋದನ್ನು ತಯಾರಿಸಿದ್ದೇ ಲೆನ್ಸು. ದೂರದಲ್ಲಿ ನಿಂತು ಉದ್ದ ಫೋಕಲ್ ಲೆಂತಿನ ಲೆನ್ಸ್‌ನಲ್ಲಿ ತೆಗೆದರೆ ಹಿಂದಿನದು ಮುಂದಕ್ಕೆ ಬಂದು ಅಂಟಿಕೊಳ್ಳುತ್ತೆ. ನೀವೂ ಮಾಡಿದ್ದೀರಿ: ನಂದಿ ಬೆಟ್ಟದಲ್ಲಿ ಫೋನಿನ ಜೂಮ್ ಎಳೆದು ಗೆಳತಿಯ ಭುಜದ ಮೇಲೆ ಸೂರ್ಯನನ್ನು ಕೂರಿಸಿಲ್ಲವಾ? ಇವಾನ್ಸ್ ಎಂಟು-ಹತ್ತು ಇಂಚಿನ ನೆಗೆಟಿವ್ ಹಾಕುವ ದೊಡ್ಡ ಕ್ಯಾಮೆರಾ ಸ್ಟ್ಯಾಂಡಿನ ಮೇಲಿಟ್ಟು ಮಾಡಿದ್ದೂ ಅದೇ. ಸತ್ತವರು, ಬದುಕಿರುವವರು, ಕೆಲಸದ ಜಾಗ, ಮೂರನ್ನೂ ಒಂದರ ಮೇಲೊಂದು ಪೇರಿಸಿಟ್ಟರು.

ಮೋಸ ಅನ್ನುತ್ತಿಲ್ಲ. ಭೂದೃಶ್ಯ ಬರೆಯುವವರು ಇದನ್ನು ಮಾಡುತ್ತಲೇ ಬಂದಿದ್ದಾರೆ. ಹದಿನೇಳನೇ ಶತಮಾನದ ಡಚ್ ಚಿತ್ರಕಾರ ರೈಸ್ಡಾಲ್ ಅವರ 'ಯಹೂದಿ ಸ್ಮಶಾನ' ನೋಡಿ. ಗೋರಿಗಳು ನಿಜ, ಆಮ್‌ಸ್ಟರ್‌ಡ್ಯಾಂ ಹತ್ತಿರದ ಔಡರ್‌ಕೆರ್ಕ್‌ನಲ್ಲಿ ಇವತ್ತಿಗೂ ಇವೆ. ಆದರೆ ಅವುಗಳ ಸುತ್ತ ಇರುವ ಪಾಳುಬಿದ್ದ ಕಟ್ಟಡ, ಗುಡ್ಡ, ಧುಮ್ಮಿಕ್ಕುವ ನೀರು ಆ ಜಾಗದಲ್ಲಿ ಇಲ್ಲವೇ ಇಲ್ಲ. ಹಾಲೆಂಡ್‌ನಂಥ ಚಪ್ಪಟೆ ನಾಡಿನಲ್ಲಿ ಎಲ್ಲಿಂದ ಬರಬೇಕು? ಚಿತ್ರಕಾರ ಬೇಕಾದ್ದನ್ನು ತಂದು ಇಟ್ಟುಕೊಂಡ. ಫೋಟೋಗ್ರಾಫರ್‌ಗೆ ಆ ಸೌಲಭ್ಯ ಇಲ್ಲ, ಅವನು ತಾನೇ ಜಾಗ ಬದಲಾಯಿಸಬೇಕು. ಅಷ್ಟು ಕಷ್ಟಪಟ್ಟು ಒಬ್ಬ ಮನುಷ್ಯ ಗೋರಿಗೂ ಚಿಮಣಿಗೂ ನಡುವೆ ಮನೆಗಳ ಸಾಲು ಕೂರಿಸಿದ್ದಾನೆ ಅಂದಮೇಲೆ ಆ ಸಾಲನ್ನು ಹಾರಿಸಿ ನೋಡೋಕೆ ನಾವು ಯಾರು ಸ್ವಾಮಿ?

ಹೋಲಿಕೆಗೆ ಇನ್ನೊಂದು ಚಿತ್ರ. ಚಾರ್ಲ್ಸ್ ಶೀಲರ್ 1930ರಲ್ಲಿ ಬರೆದ ಪೇಂಟಿಂಗ್, ಹೆಸರು 'ಅಮೆರಿಕನ್ ಲ್ಯಾಂಡ್‌ಸ್ಕೇಪ್'. ಫೋರ್ಡ್ ಕಂಪನಿಯ ರಿವರ್ ರೂಜ್ ಕಾರ್ಖಾನೆ. ನೀಟಾಗಿದೆ, ಒರೆಸಿಟ್ಟ ಹಾಗಿದೆ. ಮನುಷ್ಯ ಅಂತ ಇರುವುದು ಹುಡುಕಿದರೆ ಸಿಗುವ ಒಂದು ಚುಕ್ಕಿಯಷ್ಟು ಆಕೃತಿ. ಸ್ಮಶಾನ ಇಲ್ಲ, ಮನೆ ಇಲ್ಲ. ಕಂಪನಿಗಳು ತಮ್ಮ ಬಗ್ಗೆ ತಾವು ನಂಬಿರುವುದು ಈ ಚಿತ್ರವನ್ನು. ನಮ್ಮ ವರ್ಕ್‌ಶಾಪಿನವರು ಇವಾನ್ಸ್ ಚಿತ್ರದಿಂದ ಮನೆಗಳನ್ನು ಅಳಿಸಿ ಶೀಲರ್ ಚಿತ್ರವನ್ನೇ ಮಾಡಿಕೊಂಡರು, ಮುಂದೆ ಒಂದು ಗೋರಿ ಸೇರಿಸಿ ದುಃಖಪಟ್ಟರು, ಅಷ್ಟೇ ವ್ಯತ್ಯಾಸ.

2017ರಲ್ಲಿ ನಾನು ನ್ಯೂಜೆರ್ಸಿಯಲ್ಲಿ ಆನ್‌ಸೈಟ್ ಇದ್ದೆ. ವಾರದ ದಿನ ಕ್ಲೈಂಟ್ ಆಫೀಸು, ವಾರಾಂತ್ಯ ಪಟೇಲ್ ಅಂಗಡಿಯ ಸೋನಾ ಮಸೂರಿ. ಒಂದು ಶನಿವಾರ ರೂಮ್‌ಮೇಟ್‌ನನ್ನು ಪುಸಲಾಯಿಸಿ ಕಾರು ತೆಗೆಸಿದೆ. ಅವನಿಗೆ ಹೇಳಿದ್ದು ಕ್ಯಾಸಿನೋ ಅಂತ. ಸುಳ್ಳಲ್ಲ, ಬೆಥ್ಲೆಹೆಮ್‌ನಲ್ಲಿ ಉಕ್ಕಿನ ಕಾರ್ಖಾನೆ ಇದ್ದ ಜಾಗದಲ್ಲೇ 2009ರಿಂದ ಕ್ಯಾಸಿನೋ ಇದೆ. ಅದಿರು ಎತ್ತುತ್ತಿದ್ದ ದೈತ್ಯ ಕ್ರೇನ್ ಇತ್ತಲ್ಲ, ಅದಕ್ಕೇ ಕ್ಯಾಸಿನೋದ ಬೋರ್ಡು ನೇತುಹಾಕಿದ್ದರು. ಅವನನ್ನು ಅಲ್ಲಿ ಬಿಟ್ಟು ನಾನು ಸ್ಮಶಾನದ ಕಡೆ ಹೋದೆ.

ಇಳಿಜಾರಿನಲ್ಲಿದೆ. ಮೇಲೆ ನಿಂತರೆ ಕೆಳಗೆ ಮನೆಗಳು, ಅದರಾಚೆ ತುಕ್ಕು ಹಿಡಿದ ಬ್ಲಾಸ್ಟ್ ಫರ್ನೇಸುಗಳು. ಕಾರ್ಖಾನೆ ಹತ್ತಿರವೇ, ಆದರೆ ಚಿತ್ರದಲ್ಲಿ ಕಾಣುವ ಹಾಗೆ ಗೋರಿಯ ಬೆನ್ನಿಗೆ ಅಂಟಿಕೊಂಡಿಲ್ಲ. ನಡುವೆ ಬೀದಿಗಳಿವೆ, ವರಾಂಡಗಳಿವೆ. ಒಂದು ವರಾಂಡದಲ್ಲಿ ಮಕ್ಕಳ ಸೈಕಲ್ ಮಗುಚಿ ಬಿದ್ದಿತ್ತು. ಇವಾನ್ಸ್ ಎಲ್ಲಿ ನಿಂತಿದ್ದಿರಬಹುದು ಅಂತ ಫೋನಿನಲ್ಲಿ ಚಿತ್ರ ಇಟ್ಟುಕೊಂಡು ಹಿಂದೆ ಮುಂದೆ ಓಡಾಡಿದೆ. ಕರಾರುವಾಕ್ಕಾಗಿ ಸಿಗಲಿಲ್ಲ. ಆದರೆ ಒಂದು ಹೊಳೆಯಿತು, ಹೊಳೆದಾಗ ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ.

ಚಿತ್ರದ ಮೂರು ಸಾಲಿನಲ್ಲಿ ಗೋರಿಗಳು ಹಾಗೇ ಇವೆ. ಮನೆಗಳು ಇವೆ, ಬಣ್ಣ ಬದಲಾಗಿರಬಹುದು, ಒಳಗಿರುವವರು ಬದಲಾಗಿರಬಹುದು. ಇಲ್ಲದೇ ಇರುವುದು ಚಿಮಣಿಗಳ ಆ ಕಾಡು.

"ಮನುಷ್ಯ ಹೋಗ್ತಾನೆ, ಮಷೀನು ಉಳಿಯುತ್ತೆ" ಅಂದ ನನ್ನ ಗೆಳೆಯನಿಗೆ ಹೇಳಬೇಕಾಗಿದ್ದು ಇದು. ತಲೆಕೆಳಗಾಗಿ ಹೇಳಿದೆ ಕಣಯ್ಯಾ. ಬೆಥ್ಲೆಹೆಮ್ ಸ್ಟೀಲ್ ಕಾರ್ಪೊರೇಷನ್ ಆಗಿದ್ದು 1904ರಲ್ಲಿ. ಗೋಲ್ಡನ್ ಗೇಟ್ ಸೇತುವೆಗೆ ಉಕ್ಕು ಕೊಟ್ಟ ಕಂಪನಿ, ಎರಡನೇ ಮಹಾಯುದ್ಧದಲ್ಲಿ ಸಾವಿರಕ್ಕೂ ಮೇಲೆ ಹಡಗು ಕಟ್ಟಿದ ಕಂಪನಿ. 1995ರಲ್ಲಿ ಈ ಊರಿನ ಫರ್ನೇಸು ಆರಿತು. 2001ರಲ್ಲಿ ದಿವಾಳಿ ಅರ್ಜಿ. 2003ರಲ್ಲಿ ಕಂಪನಿಯೇ ಇಲ್ಲ. ನೂರು ವರ್ಷ ತುಂಬಲಿಲ್ಲ. ಆ ಕಲ್ಲಿನ ಶಿಲುಬೆಗಳಲ್ಲಿ ಎಷ್ಟೋ ಅದಕ್ಕಿಂತ ಹೆಚ್ಚು ಬಾಳಿಕೆ ಬಂದಿವೆ.

ಕಂಪನಿ ಸತ್ತಾಗ ಏಟು ಬಿದ್ದಿದ್ದು ಎಲ್ಲಿಗೆ? ನಡುವಿನ ಸಾಲಿಗೆ. 2003ರಲ್ಲಿ ಸುಮಾರು 95,000 ನಿವೃತ್ತರು ಮತ್ತು ಅವರ ಅವಲಂಬಿತರ ಆರೋಗ್ಯ ವಿಮೆ ಹೋಯಿತು. ಆಗ ಅವರಿಗೆ ವಯಸ್ಸಾಗಿತ್ತು, ಅಂದರೆ ವಿಮೆ ಬೇಕಾಗುವ ಹೊತ್ತಿಗೆ ಸರಿಯಾಗಿ ಹೋಯಿತು. ದುಡಿಯುವಾಗ ಕೊಡುತ್ತೇವೆ ಅಂದಿದ್ದನ್ನು ಮುದಿತನದಲ್ಲಿ ಕಿತ್ತುಕೊಂಡಾಗ ಯಾವ ಚಿಮಣಿಯಲ್ಲೂ ಹೊಗೆ ಇರಲಿಲ್ಲ. ಗಾಳಿ ಶುದ್ಧವಾಗಿತ್ತು. 'ಮಾಲಿನ್ಯ' ಅಂತ ಕೈಯೆತ್ತಿದವರು ಇದಕ್ಕೇನು ಹೇಳುತ್ತಾರೆ?

ನಮ್ಮಲ್ಲೂ ನೋಡಿದ್ದೇವೆ. 2023ರ ಜನವರಿಯಲ್ಲಿ ಭದ್ರಾವತಿಯ ವಿಐಎಸ್ಎಲ್ ಮುಚ್ಚುವ ನಿರ್ಧಾರ ಬಂದಾಗ ಧರಣಿ ಕೂತವರು ಯಾರು? ಆ ಬಿಸಿಯಲ್ಲಿ, ಆ ಧೂಳಿನಲ್ಲಿ ದುಡಿದ ಗುತ್ತಿಗೆ ಕಾರ್ಮಿಕರು. ಮುಚ್ಚಬೇಡಿ ಅಂತ ಕೂತರು.

ಹಾಗಂತ ಕಾರ್ಖಾನೆಗೆ ಭಜನೆ ಮಾಡುವವನು ನಾನಲ್ಲ. ಅಲ್ಲಿ ಅನ್ಯಾಯ ಇತ್ತು, ಭಯಂಕರ ಇತ್ತು. 1910ರಲ್ಲಿ ಬೆಥ್ಲೆಹೆಮ್‌ನಲ್ಲಿ ಮುಷ್ಕರವಾಗಿ ಸರ್ಕಾರ ತನಿಖೆ ಮಾಡಿಸಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಕಾರ್ಮಿಕರು ದಿನಕ್ಕೆ 12 ಗಂಟೆ ದುಡಿಯುತ್ತಿದ್ದದ್ದು ದಾಖಲಾಯಿತು, ವಾರದ ಏಳೂ ದಿನ ಹೋಗುತ್ತಿದ್ದವರೂ ಇದ್ದರು. ನನ್ನ ತಕರಾರು ಇಷ್ಟೇ: ಅನ್ಯಾಯ ಹೊಗೆಯಲ್ಲಿತ್ತು ಅಂದುಕೊಂಡರೆ ಅದನ್ನು ಮಾಡಿದವರ ಕೈ ಕಾಣುವುದಿಲ್ಲ. ಆ ಕೈ ಯಾವುದು ಗೊತ್ತಾ? ಸ್ಟಾಪ್‌ವಾಚ್ ಹಿಡಿದ ಕೈ.

ಫ್ರೆಡರಿಕ್ ಟೇಲರ್ ಹೆಸರು ಕೇಳಿರುತ್ತೀರಿ. ಬಿಇಯಲ್ಲಿ ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ಐದು ಮಾರ್ಕ್ಸಿಗೆ ಬರುತ್ತಿದ್ದ, 'ವೈಜ್ಞಾನಿಕ ನಿರ್ವಹಣೆಯ ಪಿತಾಮಹ'. ನಾನೂ ಬಾಯಿಪಾಠ ಮಾಡಿ ಬರೆದಿದ್ದೆ. ಆ ಟೇಲರ್ ಪ್ರಯೋಗ ನಡೆಸಿದ ಜಾಗ ಯಾವುದು ಅಂತ ಪುಸ್ತಕದಲ್ಲಿ ಇದ್ದಿರಬೇಕು, ನನ್ನ ತಲೆಗೆ ಹೋಗಿರಲಿಲ್ಲ. ಬೆಥ್ಲೆಹೆಮ್. 1898ರಿಂದ 1901ರವರೆಗೆ ಇದೇ ಊರಿನ ಇದೇ ಕಾರ್ಖಾನೆಯಲ್ಲಿ. ಕಬ್ಬಿಣದ ಗಟ್ಟಿಗಳನ್ನು ವ್ಯಾಗನ್‌ಗೆ ತುಂಬುವವರು, ಒಂದೊಂದು ಗಟ್ಟಿಯೂ 92 ಪೌಂಡು, ಅಂದರೆ ನಲವತ್ತೆರಡು ಕೇಜಿ ಹತ್ತಿರ, ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದರಂತೆ. ಟೇಲರ್ ಲೆಕ್ಕ ಹಾಕಿ ನಲವತ್ತೇಳೂವರೆ ಟನ್ ಹೊರಿಸಿದ. ಕೂಲಿ 1 ಡಾಲರ್ 15 ಸೆಂಟ್‌ನಿಂದ 1 ಡಾಲರ್ 85 ಸೆಂಟ್ ಆಯಿತು. ನೀವು ಎಂಜಿನಿಯರುಗಳು, ಲೆಕ್ಕ ಮಾಡಿ: ಕೆಲಸ ಮೂರೂಮುಕ್ಕಾಲು ಪಟ್ಟು, ಸಂಬಳ ಶೇ. 60ರಷ್ಟು ಏರಿಕೆ. ಇದು ನಿಮ್ಮ ಅಪ್ರೈಸಲ್ ಲೆಟರ್ ಥರ ಕಾಣುತ್ತಿದ್ದರೆ ತಪ್ಪು ನನ್ನದಲ್ಲ.

ಆ ಕಥೆಯ ವಿವರಗಳನ್ನು ಆಮೇಲಿನ ಸಂಶೋಧಕರು ಕೆದಕಿ ಪ್ರಶ್ನಿಸಿದ್ದಾರೆ. ಇರಲಿ. ನನಗೆ ಮುಖ್ಯವಾದದ್ದು ಟೇಲರ್ ತನ್ನ 1911ರ ಪುಸ್ತಕದಲ್ಲಿ ತಾನೇ ಹೇಳಿಕೊಂಡ ಒಂದು ಮಾತು. ಅವನು ಮೊದಲು ಆರಿಸಿಕೊಂಡ ಆಳಿಗೆ ಪುಸ್ತಕದಲ್ಲಿ ಷ್ಮಿಟ್ ಅಂತ ಹೆಸರು ಕೊಟ್ಟಿದ್ದಾನೆ. ನಿಜವಾದ ಹೆಸರು ಹೆನ್ರಿ ನಾಲ್. ಇಂಥ ಕೆಲಸಕ್ಕೆ ಹೊಂದುವ ಮನುಷ್ಯನ ಬುದ್ಧಿ ಎತ್ತಿನ ಬುದ್ಧಿಗೆ ಹತ್ತಿರ ಇರಬೇಕು ಅಂತ ಟೇಲರ್ ನಾಚಿಕೆಯಿಲ್ಲದೆ ಬರೆದಿದ್ದಾನೆ. ಅದೇ ಟೇಲರ್ ಇದನ್ನೂ ಬರೆದಿದ್ದಾನೆ: ಈ ಮನುಷ್ಯ ಒಂದು ತುಂಡು ಜಾಗ ಕೊಂಡುಕೊಂಡಿದ್ದ, ಬೆಳಿಗ್ಗೆ ಕೆಲಸಕ್ಕೆ ಬರುವ ಮುಂಚೆ ಮತ್ತು ಸಂಜೆ ಕೆಲಸ ಬಿಟ್ಟ ಮೇಲೆ ತನಗೊಂದು ಪುಟ್ಟ ಮನೆಯ ಗೋಡೆ ಎಬ್ಬಿಸುತ್ತಿದ್ದ.

ಎತ್ತು ಸೈಟು ಕೊಳ್ಳುತ್ತಾ? ಎತ್ತು ಗೋಡೆ ಕಟ್ಟುತ್ತಾ?

ಇವಾನ್ಸ್ ಚಿತ್ರದ ನಡುವಿನ ಸಾಲಿನಲ್ಲಿ ಅವನ ಮನೆ ಇದೆ ಅಂತ ನಾನು ಹೇಳುತ್ತಿಲ್ಲ. ಅಂಥ ಮನೆಗಳನ್ನು ಹೀಗೇ ಕಟ್ಟಿದರು, ಹೀಗೇ ಬಾಡಿಗೆ ತೆತ್ತರು, ಸಾಲ ತೀರಿಸಿದರು ಅಂತ ಹೇಳುತ್ತಿದ್ದೇನೆ. ಸ್ಟಾಪ್‌ವಾಚಿಗೆ ಕಂಡಿದ್ದು ಟನ್ನು. ನಮ್ಮ ವರ್ಕ್‌ಶಾಪಿಗೆ ಕಂಡಿದ್ದು ಗೋರಿ. ಇಬ್ಬರಿಗೂ ಕಾಣದಿದ್ದದ್ದು ಒಂದೇ.

ಈ ಚಿತ್ರದ ಬಗ್ಗೆ ಇನ್ನೊಂದು ಪ್ರಸಿದ್ಧ ಪ್ರಸಂಗ ಇದೆ, ಇವಾನ್ಸ್ ಅವರ ಮೇಲಧಿಕಾರಿಯಾಗಿದ್ದ ರಾಯ್ ಸ್ಟ್ರೈಕರ್ ಹೇಳಿದ್ದು. ಒಬ್ಬ ಹೆಂಗಸು ಬಂದು ಈ ಚಿತ್ರದ ಪ್ರತಿ ಕೇಳಿದರಂತೆ. ಯಾಕೆ ಅಂದರೆ, ಉಕ್ಕಿನ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ತನ್ನ ತಮ್ಮನಿಗೋ ಅಣ್ಣನಿಗೋ ಕೊಡುವುದಕ್ಕೆ. ಅದರ ಮೇಲೆ ಬರೆಯಲು ಅವರು ಯೋಚಿಸಿದ್ದ ಮಾತಿನ ಸಾರ: ಸ್ಮಶಾನವೂ ನಿಮ್ಮದೇ, ಬೀದಿ, ಕಟ್ಟಡ, ಕಾರ್ಖಾನೆ ಎಲ್ಲಾ ನಿಮ್ಮದೇ, ಹಾಳಾಗಿ ಹೋಗಿ, ನಮ್ಮ ಆತ್ಮ ಮಾತ್ರ ನಿಮ್ಮದಲ್ಲ. ಮೈ ಜುಮ್ಮೆನ್ನುವ ಮಾತು. ಈ ಚಿತ್ರದ ಬಗ್ಗೆ ಬರೆಯುವವರು ಮತ್ತೆ ಮತ್ತೆ ಎತ್ತಿಕೊಳ್ಳುವುದೂ ಇದನ್ನೇ.

ಆದರೆ ನನಗೆ ಇದರ ಜೊತೆಗೂ ಜಗಳ ಇದೆ. ಅಮ್ಮಾ, ಎಲ್ಲವನ್ನೂ ಯಾಕೆ ಅವನಿಗೆ ಬರೆದುಕೊಟ್ಟಿರಿ? ಆತ್ಮ ಒಂದನ್ನು ಉಳಿಸಿಕೊಂಡು ಬೀದಿ ಬಿಟ್ಟುಕೊಡುವುದು ಯಾವ ನ್ಯಾಯ? ಆ ಗೋರಿಗಳನ್ನು ಕಂಪನಿ ಹಾಕಿಸಿದ್ದಲ್ಲ. ಯೂರೋಪಿನ ಎಲ್ಲೆಲ್ಲಿಂದಲೋ ಹಡಗು ಹತ್ತಿ ಬಂದು, ಇಲ್ಲಿ ದುಡಿದು, ತಮ್ಮವರಿಗೆ ಕಲ್ಲಿನ ಶಿಲುಬೆ ನಿಲ್ಲಿಸುವಷ್ಟು ಉಳಿಸಿದವರು ಹಾಕಿಸಿದ್ದು. ವಲಸೆ ಬಂದವನು ಒಂದು ಊರಿನಲ್ಲಿ ಗೋರಿಕಲ್ಲು ನೆಡುತ್ತಾನೆ ಅಂದರೆ ಅದು ಸೋಲಲ್ಲ. ಇದು ನಮ್ಮೂರು, ನಾವಿನ್ನು ವಾಪಸ್ ಹೋಗಲ್ಲ ಅಂತ ಹೇಳುತ್ತಿದ್ದಾನೆ. ಬೆಂಗಳೂರಿನಲ್ಲಿ ನಮ್ಮ ಟೆಕ್ ಪಾರ್ಕುಗಳನ್ನು ಕಟ್ಟಿದ ಯಾದಗಿರಿ, ರಾಯಚೂರಿನ ಕೂಲಿಯವರಲ್ಲಿ ಎಷ್ಟು ಜನಕ್ಕೆ ಈ ಊರಿನಲ್ಲಿ ಆರಡಿ ಜಾಗ ನಮ್ಮದು ಅನ್ನುವ ಧೈರ್ಯ ಇದೆ? ತಗಡಿನ ಶೆಡ್ಡು ಕಟ್ಟಡದ ಜೊತೆ ಎದ್ದು ಕಟ್ಟಡದ ಜೊತೆ ಮಾಯವಾಗುತ್ತೆ. ಇವಾನ್ಸ್ ಬದುಕಿ ಬಂದು ನಮ್ಮ ಔಟರ್ ರಿಂಗ್ ರೋಡಿನಲ್ಲಿ ಕ್ಯಾಮೆರಾ ಇಟ್ಟರೆ ಹಿಂದಿನ ಸಾಲು ಸಿಗುತ್ತೆ, ಗಾಜಿನದು, ಚಂದದ್ದು. ನಡುವಿನ ಸಾಲಿನಲ್ಲಿ ಅವರ ಮನೆಯೂ ಸಿಗಲ್ಲ, ಮುಂದಿನ ಸಾಲಿನಲ್ಲಿ ಅವರ ಗೋರಿಯೂ ಸಿಗಲ್ಲ.

ನನಗೆ ಸಿಟ್ಟು ಬರಲು ಇನ್ನೊಂದು ಕಾರಣ ಇದೆ, ಮುಚ್ಚಿಡೋದು ಬೇಡ. ಆ ಚಪ್ಪಾಳೆ ತಟ್ಟಿದವರಲ್ಲಿ ಅರ್ಧ ಜನ ಸೋಮವಾರದಿಂದ ಗುರುವಾರದವರೆಗೆ "ಊರಿಗೆ ವಾಪಸ್ ಹೋಗ್ಬೇಕು ಗುರೂ, ಒಂದೆರಡು ಎಕರೆ, ಒಂದು ಹಸು" ಅನ್ನುವವರು. ಚಿಮಣಿ ಕಂಡರೆ ಅವರಿಗೆ ಹೊಟ್ಟೆ ತೊಳೆಸುತ್ತೆ, ಹಳ್ಳಿ ಅಂದರೆ ಕಣ್ಣು ಮಂಜಾಗುತ್ತೆ. ನಾನು ಎರಡು ಎಕರೆ, ಒಂದು ಹಸುವಿನ ಮನೆಯಲ್ಲೇ ಹುಟ್ಟಿದವನು. ಬೋರ್‌ವೆಲ್ ಮೂರು ಸಲ ಕೈಕೊಟ್ಟ ಮನೆ. ನನ್ನ ಬಿಇ ಫೀಸು ಕಟ್ಟಿದ್ದು ತೋಟ ಅಲ್ಲ, ಶಿವಮೊಗ್ಗ ಕಡೆಯ ಒಂದು ಫೌಂಡ್ರಿ. ನಮ್ಮ ಚಿಕ್ಕಪ್ಪ ಅಲ್ಲಿ 28 ವರ್ಷ ಅಚ್ಚಿಗೆ ಕಬ್ಬಿಣ ಸುರಿದವರು. ಮೊಣಕೈ ಕೆಳಗೆ ಕಿಡಿ ಹಾರಿದ ಕಲೆಗಳು ಸಾಸಿವೆ ಚೆಲ್ಲಿದ ಹಾಗಿವೆ. ಆ ಕಲೆ ಕೊಟ್ಟಿದ್ದೂ ಆ ಕೆಲಸ, ನನಗೆ ಇಂಗ್ಲಿಷ್ ಕೊಟ್ಟಿದ್ದೂ ಆ ಕೆಲಸ. ಇದರಲ್ಲಿ ಒಂದನ್ನು ಮಾತ್ರ ನೋಡಿ ದುಃಖಪಡುವ ಹಕ್ಕು ನನಗಿಲ್ಲ, ನಿಮಗೂ ಇಲ್ಲ.

ದಸರಾಕ್ಕೆ ಊರಿಗೆ ಹೋದಾಗ ಈ ಚಿತ್ರವನ್ನು ಚಿಕ್ಕಪ್ಪನಿಗೆ ತೋರಿಸಿದೆ. ಏನೂ ಹೇಳದೆ ಲ್ಯಾಪ್‌ಟಾಪ್ ಮುಂದಿಟ್ಟೆ. ಕನ್ನಡಕ ತಂದುಕೊಂಡು, ಸ್ಕ್ರೀನನ್ನು ಹಿಂದಕ್ಕೆ ಬಾಗಿಸಿ ನೋಡಿದರು.

"ಎಷ್ಟು ಚಿಮಣಿ ಇದಾವೋ ಇಲ್ಲಿ. ಇದು ಫೌಂಡ್ರಿ ಅಲ್ಲ, ದೊಡ್ಡ ಫ್ಯಾಕ್ಟ್ರಿ."

"ಅಮೆರಿಕದ್ದು ಚಿಕ್ಕಪ್ಪ. ಉಕ್ಕಿನದು. ತೊಂಬತ್ತು ವರ್ಷ ಹಿಂದಿಂದು."

ಶಿಲುಬೆಯ ಕಡೆ ಒಮ್ಮೆ ನೋಡಿ ತಲೆಯಾಡಿಸಿದರು. ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಬೆರಳು ಮನೆಗಳ ಮೇಲೆ ಬಂತು. ಒಂದೊಂದೇ ಮನೆಯನ್ನು ಮುಟ್ಟುತ್ತಾ ಹೋದರು.

"ಕ್ವಾಟ್ರಸ್ಸಾ ಇವು? ಸ್ವಂತದ್ದಾ?"

"ಸ್ವಂತದ್ದೂ ಇರಬಹುದು, ಬಾಡಿಗೇದೂ ಇರಬಹುದು."

"ಇಷ್ಟು ಹತ್ರ ಇದ್ರೆ ಬಟ್ಟೆ ಹೊರಗೆ ಒಣಗಾಕೋ ಹಂಗಿಲ್ಲ. ಮಸಿ ಕೂರುತ್ತೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಆವಾಗ ಕೆಲಸ ಚೆನ್ನಾಗಿ ನಡೀತಿತ್ತಾ ಇದು?"

ಇಲ್ಲ ಅಂದೆ. 1935, ದೇಶದಲ್ಲೆಲ್ಲಾ ಕೆಲಸ ಬಿದ್ದುಹೋಗಿದ್ದ ಕಾಲ, ಎಷ್ಟೋ ಜನ ಮನೇಲಿ ಕೂತಿದ್ರು ಅಂದೆ.

"ಮತ್ತೆ ಬಾಡಿಗೆ ಯಾರು ಕಟ್ಟಿದ್ರಂತೆ?" ಅಂದರು ಚಿಕ್ಕಪ್ಪ.